ದನಿ ಮುಂದೆ, ಮಾರ್ದನಿ ಹಿಂದೆ: ರಾಕ್ ಹಾಡಿನ ಮಿಕ್ಸಿಂಗ್‌ನಲ್ಲಿ ರಿವರ್ಬ್ ಬಳಸುವ ಬಗೆ

ಗೋಳಗುಮ್ಮಟದ ಗ್ಯಾಲರಿಯಲ್ಲಿ ನಿಂತು ತನ್ನ ಹೆಸರನ್ನು ತಾನೇ ಕೂಗದ ಮಗು ವಿಜಯಪುರ ಜಿಲ್ಲೆಯಲ್ಲಿ ಸಿಗುವುದು ಕಷ್ಟ. ಕೊಲ್ಹಾರ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಯಾವ ಕಡೆಯವರಾದರೂ ಶಾಲೆಯ ಪ್ರವಾಸದಲ್ಲೋ ಮನೆಯವರ ಜೊತೆಗೋ ಅಲ್ಲಿ ಮೆಟ್ಟಿಲು ಹತ್ತಿರುತ್ತಾರೆ. ಆ ಮಕ್ಕಳಲ್ಲಿ ಕೆಲವರು ಇಂದು ಗಿಟಾರ್, ಲ್ಯಾಪ್‌ಟಾಪ್, ಒಂದು ಮೈಕ್ ಇಟ್ಟುಕೊಂಡು ಮನೆಯ ಕೋಣೆಯಲ್ಲೇ ತತ್ವಪದ, ವಚನ, ಸ್ವಂತ ಹಾಡುಗಳನ್ನು ರಾಕ್ ಧಾಟಿಯಲ್ಲಿ ರೆಕಾರ್ಡ್ ಮಾಡುತ್ತಿದ್ದಾರೆ. ಶಿಶುನಾಳ ಶರೀಫರ ಪದಗಳು ರಾಕ್ ವಾದ್ಯಗಳ ಜೊತೆ ಚೆನ್ನಾಗಿ ನಿಲ್ಲುತ್ತವೆ ಎಂಬುದನ್ನು ರಘು ದೀಕ್ಷಿತ್ ಅವರ 2008ರ ಮೊದಲ ಆಲ್ಬಂ ತೋರಿಸಿಕೊಟ್ಟ ಮೇಲೆ ಈ ದಾರಿ ಹಿಡಿದವರು ಹೆಚ್ಚಾದರು.

ಹೀಗೆ ಮನೆಯಲ್ಲಿ ಮಿಕ್ಸ್ ಮಾಡಿದ ಹಾಡುಗಳಲ್ಲಿ ಒಂದು ತೊಂದರೆ ಮತ್ತೆ ಮತ್ತೆ ಕಾಣುತ್ತದೆ. ದನಿಗೂ ಗಿಟಾರಿಗೂ ರಿವರ್ಬ್, ಅಂದರೆ ಕೃತಕ ಮಾರ್ದನಿ, ಸುರಿದಿರುತ್ತಾರೆ. ಹಾಡು ದೊಡ್ಡದಾಗಿ ಕೇಳಿಸುತ್ತದೆ, ಆದರೆ ಏನು ಹಾಡುತ್ತಿದ್ದಾರೆ ಎಂಬುದು ತಿಳಿಯುವುದಿಲ್ಲ. ತತ್ವಪದದಲ್ಲಿ ಮಾತು ತಿಳಿಯದಿದ್ದರೆ ಉಳಿಯುವುದೇನು? ರಿವರ್ಬ್ ಹಾಡಿಗೆ ಹಚ್ಚುವ ಬಣ್ಣವಲ್ಲ. ಯಾರು ಎಷ್ಟು ದೂರದಲ್ಲಿ ನಿಂತಿದ್ದಾರೆ ಎಂದು ಕೇಳುಗರಿಗೆ ತಿಳಿಸುವ ಸಾಧನ ಅದು. ಹಾಡುಗಾರ ಮುಂದೆ, ಉಳಿದವರು ಅವರವರ ಜಾಗದಲ್ಲಿ ಎಂದು ಮೊದಲೇ ತೀರ್ಮಾನಿಸಿಕೊಂಡರೆ ಮಿಕ್ಕ ಅಂಕಿಗಳೆಲ್ಲ ತಾವಾಗಿಯೇ ಸರಿಹೋಗುತ್ತವೆ.

ಗೋಳಗುಮ್ಮಟ ಕಲಿಸುವ ಲೆಕ್ಕ

ಗೋಳಗುಮ್ಮಟ 1656ರಲ್ಲಿ ತೀರಿಕೊಂಡ ಮೊಹಮ್ಮದ್ ಆದಿಲ್ ಶಾಹನ ಸಮಾಧಿ. ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಅಂದರೆ ಒಂದು ಗೋಡೆಯಿಂದ ಎದುರು ಗೋಡೆ ಮುಟ್ಟಲು ಸುಮಾರು 110 ಮಿಲಿಸೆಕೆಂಡ್, ಮರಳಿ ಬರಲು ಒಟ್ಟು 220 ಮಿಲಿಸೆಕೆಂಡ್ ಬೇಕು. ಮಾತಿನಲ್ಲಿ ಸುಮಾರು 50 ಮಿಲಿಸೆಕೆಂಡಿನೊಳಗೆ ಹಿಂದೆಯೇ ಬಂದ ಶಬ್ದವನ್ನು ಕಿವಿ ಮೂಲ ಶಬ್ದದ ಜೊತೆ ಕೂಡಿಸಿಕೊಳ್ಳುತ್ತದೆ, ಅದಕ್ಕೂ ತಡವಾಗಿ ಬಂದದ್ದನ್ನು ಬೇರೆಯಾಗಿ ಕೇಳುತ್ತದೆ. ಆದ್ದರಿಂದಲೇ ಗುಮ್ಮಟದಲ್ಲಿ ಚಪ್ಪಾಳೆ ತಟ್ಟಿದರೆ ಒಂದೊಂದೇ ಪ್ರತಿಧ್ವನಿ ಎಣಿಸಲು ಸಿಗುತ್ತದೆ. ಮಿಕ್ಸಿಂಗ್‌ನಲ್ಲಿ ಈ ಕೆಲಸ ಮಾಡುವುದು ಡಿಲೇ.

ಅದೇ ಚಪ್ಪಾಳೆಯನ್ನು ಮನೆಯ 10 ಅಡಿ ಅಗಲದ ಕೋಣೆಯಲ್ಲಿ ತಟ್ಟಿ ನೋಡಿ. ಗೋಡೆಯಿಂದ ಗೋಡೆಗೆ 9 ಮಿಲಿಸೆಕೆಂಡ್ ಸಾಕು. ಸಾವಿರಾರು ಮಾರ್ದನಿಗಳು ಒಂದರ ಮೇಲೊಂದು ಬಿದ್ದು ಒಂದೇ ಬಾಲದಂತೆ ಕೇಳಿಸುತ್ತವೆ. ಇದು ರಿವರ್ಬ್. ಈ ಬಾಲ 60 ಡೆಸಿಬಲ್ ಇಳಿಯಲು ಹಿಡಿಯುವ ಸಮಯವೇ ಪ್ಲಗಿನ್‌ನಲ್ಲಿ ಡಿಕೇ ಎಂದು ಕಾಣುವ ಅಂಕಿ.

ಗೋಳಗುಮ್ಮಟದಲ್ಲಿ ಇನ್ನೊಂದು ಪಾಠವೂ ಇದೆ. ಗುಮ್ಮಟದ ಕೆಳಗೆ, ನೆಲದ ಮೇಲೆ ನಿಂತು ಮಾತಾಡಿದರೆ ಮಾತು ಕಲಸಿಹೋಗುತ್ತದೆ. ಮೇಲಿನ ಗ್ಯಾಲರಿಯಲ್ಲಿ ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟಿದರೆ ಎದುರು ಬದಿಯವರಿಗೆ ಸ್ಪಷ್ಟವಾಗಿ ಕೇಳುತ್ತದೆ. ಅಲ್ಲಿ ಶಬ್ದ ಬಾಗಿದ ಗೋಡೆಯನ್ನೇ ಹಿಡಿದು ಸಾಗುತ್ತದೆ. ಸಿ.ವಿ. ರಾಮನ್ 1920ರ ದಶಕದ ಮೊದಲಲ್ಲಿ ಪಿಸುಗುಡುವ ಗ್ಯಾಲರಿಗಳ ಮೇಲೆ ನಡೆಸಿದ ಅಧ್ಯಯನದಲ್ಲಿ ಗೋಳಗುಮ್ಮಟವೂ ಸೇರಿತ್ತು. ಕಟ್ಟಡ ಒಂದೇ, ಶಬ್ದ ಬರುವ ದಾರಿ ಬೇರೆಯಾದಾಗ ಮಾತು ಉಳಿಯಿತು. ನಿಮ್ಮ ಮಿಕ್ಸ್‌ನಲ್ಲೂ ದನಿಗೆ ಇಂಥದೊಂದು ದಾರಿ ಬಿಟ್ಟುಕೊಡಬೇಕು.

ಮೊದಲು ಕೋಣೆ, ಆಮೇಲೆ ಪ್ಲಗಿನ್

ರೆಕಾರ್ಡಿಂಗ್‌ನಲ್ಲೇ ಸೇರಿಕೊಂಡ ಕೋಣೆಯ ಸದ್ದನ್ನು ಆಮೇಲೆ ತೆಗೆಯುವುದು ಬಹಳ ಕಷ್ಟ. ಆರ್‌ಸಿಸಿ ಛಾವಣಿ, ಸಿಮೆಂಟ್ ಗೋಡೆ, ಕೆಳಗೆ ಟೈಲ್ಸ್ ಅಥವಾ ಫರಸಿ ಇರುವ 10 ಅಡಿ ಅಗಲ, 12 ಅಡಿ ಉದ್ದದ ಖಾಲಿ ಕೋಣೆಯಲ್ಲಿ, ಲೆಕ್ಕ ಹಾಕಿದರೆ, ಡಿಕೇ 2 ಸೆಕೆಂಡ್ ದಾಟುತ್ತದೆ. ಇಂಥ ಕೋಣೆಯ ಮಾರ್ದನಿ ಚೆಂದವೂ ಅಲ್ಲ. ಡಬ್ಬಿಯೊಳಗೆ ಹಾಡಿದ ಹಾಗಿರುತ್ತದೆ.

ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ 1890ರ ದಶಕದಲ್ಲಿ ವಾಲೇಸ್ ಸಬೈನ್ ಎಂಬ ಪ್ರಾಧ್ಯಾಪಕರಿಗೆ ಇದೇ ಸಮಸ್ಯೆ ಎದುರಾಯಿತು. ಅಲ್ಲಿನ ಒಂದು ಉಪನ್ಯಾಸ ಸಭಾಂಗಣದಲ್ಲಿ ಮಾತಿನ ಮಾರ್ದನಿ ಐದು ಸೆಕೆಂಡಿಗೂ ಹೆಚ್ಚು ಹೊತ್ತು ಉಳಿಯುತ್ತಿತ್ತು. ಅವರು ರಾತ್ರಿ ಹೊತ್ತು ಪಕ್ಕದ ರಂಗಮಂದಿರದ ಮೆತ್ತೆಗಳನ್ನು ತರಿಸಿ ಹಾಸುತ್ತ ಹೋಗಿ, ಎಷ್ಟು ಮೆತ್ತೆಗೆ ಎಷ್ಟು ಮಾರ್ದನಿ ತಗ್ಗುತ್ತದೆ ಎಂದು ಅಳೆದರು. ಕೋಣೆಗಳ ಧ್ವನಿಶಾಸ್ತ್ರ ಹುಟ್ಟಿದ್ದು ಆ ಮೆತ್ತೆಗಳಿಂದ.

ನಮ್ಮ ಮನೆಗಳಲ್ಲೂ ಅಂಥ ವಸ್ತು ಇದೆ: ಕೌದಿ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಸೇರಿಸಿ ಹೊಲಿದ ಕೌದಿ ಶಬ್ದವನ್ನು ಚೆನ್ನಾಗಿ ಹೀರುತ್ತದೆ. ಹಾಡುವವರ ಬೆನ್ನ ಹಿಂದೆ ಒಂದು, ಎರಡೂ ಪಕ್ಕಕ್ಕೆ ಒಂದೊಂದು ಹಗ್ಗ ಕಟ್ಟಿ ತೂಗುಹಾಕಿ. ಗೋಡೆಗೆ ಅಂಟಿಸದೆ ಒಂದು ಗೇಣು ಮುಂದೆ ಇರಲಿ. ಆಗ ಇನ್ನಷ್ಟು ಕೆಳಗಿನ ಸ್ವರಗಳನ್ನೂ ಹೀರುತ್ತದೆ. ನೆಲಕ್ಕೆ ಕಂಬಳಿ ಹಾಸಿ. ಜೋಳದ ಚೀಲ ಪೇರಿಸಿಟ್ಟ ಕೋಣೆ ಇದ್ದರೆ ಅಲ್ಲೇ ಹಾಡಿಸಿ. ಮೈಕ್ ಬಾಯಿಂದ ಒಂದು ಗೇಣಿಗಿಂತ ದೂರ ಹೋಗದಿರಲಿ. ಒಣ ದನಿ ಸಿಕ್ಕರೆ ನಿಮಗೆ ಬೇಕಾದ ಕೋಣೆಯನ್ನು ಆಮೇಲೆ ನೀವೇ ಕಟ್ಟಿಕೊಳ್ಳಬಹುದು.

ನಾಲ್ಕು ಬಗೆಯ ಮಾರ್ದನಿ

ಪ್ಲಗಿನ್ ತೆರೆದರೆ ರೂಮ್, ಹಾಲ್, ಪ್ಲೇಟ್, ಸ್ಪ್ರಿಂಗ್ ಎಂಬ ಹೆಸರುಗಳು ಕಾಣುತ್ತವೆ. ಇವು ಸುಮ್ಮನೆ ಇಟ್ಟ ಹೆಸರಲ್ಲ, ಒಂದೊಂದರ ಹಿಂದೆಯೂ ನಿಜವಾದ ಜಾಗ ಅಥವಾ ಯಂತ್ರ ಇದೆ.

ಅಮೆರಿಕದ ಬಿಲ್ ಪಟ್ನಮ್ 1947ರಲ್ಲಿ ಹಾರ್ಮೊನಿಕಾ ತಂಡವೊಂದರ ಹಾಡಿಗಾಗಿ ಸ್ಟುಡಿಯೋದ ಬಾತ್‌ರೂಮಿನಲ್ಲಿ ಸ್ಪೀಕರ್ ಮತ್ತು ಮೈಕ್ ಇಟ್ಟು ಅಲ್ಲಿನ ಮಾರ್ದನಿಯನ್ನು ಹಿಡಿದರು. ಮೂಲ ದನಿಯಿಂದ ಬೇರೆಯಾಗಿ ಮಾರ್ದನಿಯನ್ನು ತಯಾರಿಸಿ, ಬೇಕಾದಷ್ಟೇ ಬೆರೆಸುವ ರೂಢಿ ಹೀಗೆ ಬೆಳೆಯಿತು. ಜರ್ಮನಿಯ ಇಎಂಟಿ ಕಂಪನಿ 1957ರಲ್ಲಿ ಪ್ಲೇಟ್ ತಂದಿತು. ಚೌಕಟ್ಟಿನಲ್ಲಿ ಬಿಗಿದ ದೊಡ್ಡ ಉಕ್ಕಿನ ತಗಡನ್ನು ಹಾಡಿನ ಶಬ್ದದಿಂದ ನಡುಗಿಸಿ, ಆ ನಡುಕವನ್ನು ಮತ್ತೆ ಶಬ್ದವಾಗಿ ಪಡೆಯುವ ಯಂತ್ರ ಅದು. ಫೆಂಡರ್ ಕಂಪನಿ 1963ರಲ್ಲಿ ಗಿಟಾರ್ ಆಂಪ್ಲಿಫೈಯರ್ ಒಳಗೇ ಸ್ಪ್ರಿಂಗ್ ಕೂಡಿಸಿತು. 1970ರ ದಶಕದ ಕೊನೆಯ ಹೊತ್ತಿಗೆ ಡಿಜಿಟಲ್ ರಿವರ್ಬ್ ಬಂದು ಎಂಥ ದೊಡ್ಡ ಹಾಲ್ ಆದರೂ ಪೆಟ್ಟಿಗೆಯಲ್ಲಿ ಸಿಗುವಂತಾಯಿತು.

ಆರಿಸುವಾಗ ಇಷ್ಟು ನೆನಪಿಟ್ಟರೆ ಸಾಕು. ದನಿಗೆ ಪ್ಲೇಟ್ ಚೆನ್ನಾಗಿ ಒಪ್ಪುತ್ತದೆ, ಅದು ಕೋಣೆಯ ಆಕಾರ ತೋರಿಸದೆ ದನಿಗೆ ಹೊಳಪು ಕೊಡುತ್ತದೆ. ಡಿಸ್ಟಾರ್ಷನ್ ಇರುವ ರಿದಂ ಗಿಟಾರಿಗೆ ಚಿಕ್ಕ ರೂಮ್, ಕ್ಲೀನ್ ಗಿಟಾರಿಗೆ ಸ್ಪ್ರಿಂಗ್. ಹಾಲ್ ಹೆಚ್ಚಾಗಿ ಹೊಂದುವುದು ನಿಧಾನಗತಿಯ ಹಾಡಿಗೆ, ಅದೂ ವಾದ್ಯ ಕಡಿಮೆ ಇರುವ ಭಾಗಕ್ಕೆ.

ದನಿಗೆ ರಿವರ್ಬ್: ಹಂತ ಹಂತವಾಗಿ

ರಿವರ್ಬನ್ನು ದನಿಯ ಟ್ರ್ಯಾಕ್ ಮೇಲೆ ನೇರವಾಗಿ ಹಾಕಬೇಡಿ. ಹೊಸದೊಂದು ಟ್ರ್ಯಾಕ್ ತೆರೆದು ಅದರಲ್ಲಿ ಪ್ಲಗಿನ್ ಇಟ್ಟು, ವೆಟ್ (ಮಾರ್ದನಿ) ಪೂರ್ತಿ, ಡ್ರೈ (ಮೂಲ ದನಿ) ಸೊನ್ನೆ ಮಾಡಿ. ದನಿಯ ಟ್ರ್ಯಾಕ್‌ನಿಂದ ಅದಕ್ಕೆ ಸೆಂಡ್ ಕೊಡಿ. ಈಗ ದನಿಗೊಂದು, ಮಾರ್ದನಿಗೊಂದು ಬೇರೆ ಬೇರೆ ಫೇಡರ್ ನಿಮ್ಮ ಕೈಯಲ್ಲಿವೆ. ರೀಪರ್ ತಂತ್ರಾಂಶದಲ್ಲಿ ಬರುವ ರಿವರ್ಬ್‌ಗಳೇ ಇದಕ್ಕೆ ಸಾಕು, ದುಡ್ಡು ಕೊಟ್ಟು ಬೇರೆ ಕೊಳ್ಳಬೇಕಿಲ್ಲ.

ಮೊದಲು ಪ್ರೀ-ಡಿಲೇ. ಮೂಲ ದನಿ ಕೇಳಿದ ಎಷ್ಟು ಹೊತ್ತಿನ ಮೇಲೆ ಮಾರ್ದನಿ ಶುರುವಾಗಬೇಕು ಎಂಬ ಅಂಕಿ ಇದು. ಸೊನ್ನೆ ಇಟ್ಟರೆ ಹಾಡುಗಾರ ಗೋಡೆಗೆ ಒರಗಿ ನಿಂತಂತೆ ದೂರ ಸರಿಯುತ್ತಾನೆ. 30 ಮಿಲಿಸೆಕೆಂಡ್ ಇಟ್ಟರೆ, ಅಷ್ಟರಲ್ಲಿ ಶಬ್ದ ಒಟ್ಟು ಸುಮಾರು 10 ಮೀಟರ್ ಸಾಗುತ್ತದೆ, ಅಂದರೆ ಗೋಡೆ ಹಿಂದಕ್ಕೆ ಸರಿದು ಹಾಡುಗಾರ ಮುಂದೆಯೇ ಉಳಿಯುತ್ತಾನೆ. ರಾಕ್ ದನಿಗೆ 20ರಿಂದ 60 ಮಿಲಿಸೆಕೆಂಡ್ ಒಳ್ಳೆಯದು. ತಾಳಕ್ಕೆ ಹೊಂದಿಸಬೇಕಿದ್ದರೆ 60,000ವನ್ನು ಹಾಡಿನ ಬಿಪಿಎಂನಿಂದ ಭಾಗಿಸಿ. 120 ಇದ್ದರೆ ಒಂದು ಬೀಟ್‌ಗೆ 500 ಮಿಲಿಸೆಕೆಂಡ್. ಅದರ ಹದಿನಾರನೆಯ ಒಂದು ಪಾಲು, 31 ಮಿಲಿಸೆಕೆಂಡ್, ಸರಿಯಾಗಿ ಕೂಡುತ್ತದೆ.

ಎರಡನೆಯದು ಡಿಕೇ. ವೇಗದ ಹಾಡಿಗೆ 1ರಿಂದ 1.5 ಸೆಕೆಂಡ್, ನಿಧಾನದ್ದಕ್ಕೆ 2ರವರೆಗೆ. ಒಂದು ಸಾಲಿನ ಬಾಲ ಮುಂದಿನ ಸಾಲು ಶುರುವಾಗುವ ಮುಂಚೆ ಮುಗಿಯಬೇಕು. ಇದೇ ಅಳತೆ.

ಮೂರನೆಯದು ಫಿಲ್ಟರ್. ಲಂಡನ್ನಿನ ಅಬೇ ರೋಡ್ ಸ್ಟುಡಿಯೋದಲ್ಲಿ ಮಾರ್ದನಿಗೆ ಹೋಗುವ ಶಬ್ದದಲ್ಲಿ 600 ಹರ್ಟ್ಸ್‌ಗಿಂತ ಕೆಳಗಿನದನ್ನೂ 10,000ಕ್ಕಿಂತ ಮೇಲಿನದನ್ನೂ ತೆಗೆದುಹಾಕುವ ರೂಢಿ ಇತ್ತು. ಇಂದಿಗೂ ಅದು ಒಳ್ಳೆಯ ಆರಂಭ. ಕೆಳಗಿನ ಸ್ವರ ಗಿಟಾರಿನ ಜೊತೆ ಸೇರಿ ಗುಂಯ್ ಎನ್ನುವುದು ನಿಲ್ಲುತ್ತದೆ. ಮೇಲಿನದು ಹೋದರೆ ‘ಸ’, ‘ಶ’, ‘ಚ’ಗಳ ಸಿಳ್ಳು ಹರಡುವುದಿಲ್ಲ. ಇನ್ನೂ ಸಿಳ್ಳು ಉಳಿದರೆ ರಿವರ್ಬ್‌ನ ಮುಂಚೆ ಡೀ-ಎಸ್ಸರ್ ಹಾಕಿ. ತಾಳ, ದಮ್ಮಡಿ ದನಿಯ ಮೈಕ್‌ನೊಳಗೇ ಸೇರಿಕೊಂಡಿದ್ದರೆ ಈ ಹಂತ ತಪ್ಪಿಸಲೇಬೇಡಿ. ತಾಳದ ಝಣ ಝಣ ಮಾರ್ದನಿಯಲ್ಲಿ ಇಡೀ ಹಾಡನ್ನು ಮುಚ್ಚಿಬಿಡುತ್ತದೆ.

ಕೊನೆಗೆ ಪ್ರಮಾಣ. ಹಾಡು ಓಡುತ್ತಿರಲಿ, ಸೆಂಡ್ ಏರಿಸುತ್ತ ಹೋಗಿ. ರಿವರ್ಬ್ ಇದೆ ಎಂದು ಗೊತ್ತಾಗುವ ಹೊತ್ತಿಗೆ ನಿಂತು, 2 ಅಥವಾ 3 ಡೆಸಿಬಲ್ ಇಳಿಸಿ. ಒಮ್ಮೆ ಮ್ಯೂಟ್ ಮಾಡಿ. ಹಾಡು ಬಡವಾದಂತೆ ಅನ್ನಿಸಿದರೆ, ಇದ್ದಾಗ ಅದು ಇದೆಯೆಂದೇ ಗೊತ್ತಾಗದಿದ್ದರೆ, ಪ್ರಮಾಣ ಸರಿಯಾಗಿದೆ.

ಕನ್ನಡದ ಒತ್ತಕ್ಷರಕ್ಕೆ ವಿಶೇಷ ಎಚ್ಚರ

ಇಂಗ್ಲಿಷ್ ರಾಕ್‌ಗೆ ಬರೆದ ಸೆಟ್ಟಿಂಗ್‌ಗಳನ್ನು ಹಾಗೆಯೇ ಕನ್ನಡಕ್ಕೆ ತಂದರೆ ಮಾತು ಕೆಡುತ್ತದೆ. ಕಾರಣ ನಮ್ಮ ಒತ್ತಕ್ಷರ. ‘ಕತೆ’ ಮತ್ತು ‘ಕತ್ತೆ’ ಎಂದು ಹೇಳಿ ನೋಡಿ. ‘ಕತ್ತೆ’ಯಲ್ಲಿ ನಾಲಿಗೆ ಹಲ್ಲಿಗೆ ತಗುಲಿ ಅರೆಗಳಿಗೆ ಶಬ್ದವೇ ಇರುವುದಿಲ್ಲ. ಆ ಮೌನವೇ ಒತ್ತು. ಮೊದಲ ‘ಕ’ದ ಮಾರ್ದನಿ ಆ ಮೌನವನ್ನು ತುಂಬಿಬಿಟ್ಟರೆ ಒತ್ತು ಸಡಿಲವಾಗಿ ‘ಕತೆ’ಯ ಹಾಗೆ ಕೇಳಿಸುತ್ತದೆ. ಹಕ್ಕಿ, ಮುತ್ತು, ಬೆಟ್ಟ, ಕಪ್ಪು, ಎಲ್ಲಕ್ಕೂ ಇದೇ ಗತಿ. ಮೇಲಾಗಿ ನಮ್ಮ ಪದಗಳು ಹೆಚ್ಚಾಗಿ ಸ್ವರದಲ್ಲೇ ಮುಗಿಯುತ್ತವೆ. ಎಳೆದು ಹಾಡಿದ ‘ಆ’, ‘ಓ’ಗಳ ಬಾಲ ಮುಂದಿನ ಪದದ ಮೊದಲ ವ್ಯಂಜನವನ್ನು ನುಂಗುತ್ತದೆ.

ಇದಕ್ಕೆ ಎರಡು ಉಪಾಯ. ಒಂದು, ಪ್ರೀ-ಡಿಲೇ ಜಾಸ್ತಿ ಮಾಡಿ, ಮಾರ್ದನಿಯ ಪ್ರಮಾಣ ತಗ್ಗಿಸಿ. ಎರಡು, ಡಕಿಂಗ್. ರಿವರ್ಬ್ ಟ್ರ್ಯಾಕ್‌ನಲ್ಲಿ ಪ್ಲಗಿನ್ ಆದ ಮೇಲೆ ಒಂದು ಕಂಪ್ರೆಸರ್ ಇಟ್ಟು, ಅದರ ಸೈಡ್‌ಚೈನ್‌ಗೆ ಒಣ ದನಿಯನ್ನು ಕೊಡಿ. ಹಾಡುಗಾರ ಹಾಡುತ್ತಿರುವಾಗ ಮಾರ್ದನಿ 4ರಿಂದ 6 ಡೆಸಿಬಲ್ ತಗ್ಗುತ್ತದೆ, ಸಾಲು ಮುಗಿದ ಕೂಡಲೇ ಏರುತ್ತದೆ. ರಿಲೀಸ್ 200ರಿಂದ 300 ಮಿಲಿಸೆಕೆಂಡ್ ಇರಲಿ. ಅದಕ್ಕಿಂತ ಬೇಗ ಇಟ್ಟರೆ ಒತ್ತಕ್ಷರದ ಚಿಕ್ಕ ಮೌನದಲ್ಲೇ ಮಾರ್ದನಿ ಮೇಲೆದ್ದು ಬರುತ್ತದೆ.

ಕೂಗಿದಾಗ ಕೋಣೆ ದೊಡ್ಡದಾಗಲಿ

ರಾಕ್ ದನಿ ಒಂದೇ ಮಟ್ಟದಲ್ಲಿ ಇರುವುದಿಲ್ಲ. ಪಿಸುಮಾತಿನಿಂದ ಶುರುವಾಗಿ ಕೂಗಿನವರೆಗೆ ಏರುತ್ತದೆ. ಇದಕ್ಕೆ ದೊಡ್ಡ ಪಾಠ ಡೇವಿಡ್ ಬೋವಿಯ 1977ರ ‘ಹೀರೋಸ್’. ಬರ್ಲಿನ್‌ನ ಹಾನ್ಸಾ ಸ್ಟುಡಿಯೋದ ದೊಡ್ಡ ಸಭಾಂಗಣದಲ್ಲಿ ನಿರ್ಮಾಪಕ ಟೋನಿ ವಿಸ್ಕಾಂಟಿ ಮೂರು ಮೈಕ್ ಇಟ್ಟರು. ಒಂದು ಬಾಯಿಯ ಹತ್ತಿರ, ಇನ್ನೊಂದು ಸುಮಾರು 6 ಮೀಟರ್ ದೂರ, ಮೂರನೆಯದು ಸುಮಾರು 15 ಮೀಟರ್ ದೂರ. ದೂರದ ಎರಡಕ್ಕೂ ಗೇಟ್, ಶಬ್ದ ಒಂದು ಮಟ್ಟ ದಾಟಿದಾಗ ಮಾತ್ರ ತೆರೆಯುವ ಸಾಧನ. ಮೆತ್ತಗೆ ಹಾಡುವಾಗ ಹತ್ತಿರದ್ದು ಮಾತ್ರ ಕೇಳುತ್ತಿತ್ತು. ದನಿ ಏರಿದಾಗ ಎರಡನೆಯದು, ಕೂಗಿದಾಗ ಮೂರನೆಯದು ತೆರೆದುಕೊಳ್ಳುತ್ತಿತ್ತು. ಭಾವ ಏರಿದಂತೆ ಜಾಗವೂ ದೊಡ್ಡದಾಗುತ್ತ ಹೋಯಿತು.

ಮನೆಯಲ್ಲೂ ಇದನ್ನು ಮಾಡಬಹುದು. ಚಿಕ್ಕ ಪ್ಲೇಟ್ ಒಂದು ಟ್ರ್ಯಾಕ್‌ನಲ್ಲಿ ಯಾವಾಗಲೂ ಇರಲಿ. ಇನ್ನೊಂದು ಟ್ರ್ಯಾಕ್‌ನಲ್ಲಿ ಮೊದಲು ಗೇಟ್, ಆಮೇಲೆ 2.5 ಸೆಕೆಂಡಿನ ಹಾಲ್ ಇಡಿ. ಏರುದನಿಯ ಸಾಲುಗಳಲ್ಲಿ ಮಾತ್ರ ಗೇಟ್ ತೆರೆಯುವಂತೆ ಮಟ್ಟ ಹೊಂದಿಸಿ. ಈ ಸೆಂಡನ್ನು ಕಂಪ್ರೆಸರ್‌ನ ಮುಂಚೆ ತೆಗೆದುಕೊಳ್ಳಿ. ಕಂಪ್ರೆಸ್ ಆದ ದನಿಯಲ್ಲಿ ಏರಿಳಿತವೇ ಉಳಿದಿರದ ಕಾರಣ ಗೇಟ್‌ಗೆ ಕೂಗು ಯಾವುದು, ಪಿಸುಮಾತು ಯಾವುದು ತಿಳಿಯುವುದಿಲ್ಲ. ಗೇಟ್ ಕಷ್ಟವೆನಿಸಿದರೆ ಪಲ್ಲವಿಯಲ್ಲಿ ಸೆಂಡ್ 2 ಡೆಸಿಬಲ್ ಏರಿಸಿ, ನುಡಿಯಲ್ಲಿ ಇಳಿಸುವಂತೆ ಆಟೋಮೇಷನ್ ಬರೆಯಿರಿ. ನುಡಿಯ ಕೊನೆಯ ಪದಕ್ಕೆ ಮಾತ್ರ ದೊಡ್ಡ ಮಾರ್ದನಿ ಕೊಟ್ಟು ಬಿಡುವುದೂ ಹಳೆಯ, ಸೋಲದ ಉಪಾಯ.

ಗಿಟಾರಿಗೆ ಎಷ್ಟು, ಎಲ್ಲಿ

ಡಿಸ್ಟಾರ್ಷನ್ ಹಾಕಿದ ಗಿಟಾರ್ ಸ್ವಭಾವದಿಂದಲೇ ದೀರ್ಘವಾಗಿ ಮೊಳಗುತ್ತದೆ. ಸ್ವರಗಳ ನಡುವೆ ಬಿಡುವು ಕಡಿಮೆ. ಅದಕ್ಕೆ ಉದ್ದ ರಿವರ್ಬ್ ಕೊಟ್ಟರೆ ಇದ್ದ ಬಿಡುವೂ ಮುಚ್ಚಿ ರಿಫ್‌ನ ಹೊಡೆತ ಹೋಗುತ್ತದೆ. ರಿದಂ ಗಿಟಾರನ್ನು ಎರಡು ಸಲ ಬೇರೆ ಬೇರೆಯಾಗಿ ನುಡಿಸಿ, ಒಂದನ್ನು ಪೂರ್ತಿ ಎಡಕ್ಕೆ, ಇನ್ನೊಂದನ್ನು ಪೂರ್ತಿ ಬಲಕ್ಕೆ ಇಡಿ. ಬೇಕಾದ ಅಗಲ ಇದರಿಂದಲೇ ಬರುತ್ತದೆ. ಮೇಲೆ 0.4ರಿಂದ 0.6 ಸೆಕೆಂಡಿನ ರೂಮ್ ಒಂದಿಷ್ಟು ಬೆರೆಸಿದರೆ ಮುಗಿಯಿತು.

ರಿವರ್ಬ್ ಪೆಡಲ್ ಡಿಸ್ಟಾರ್ಷನ್‌ನ ಮುಂಚೆ ಇದ್ದರೆ ಮಾರ್ದನಿಯೂ ಡಿಸ್ಟಾರ್ಟ್ ಆಗಿ ಎಲ್ಲ ಕಲಸಿಹೋಗುತ್ತದೆ. ಬೇಕೆಂದೇ ಆ ಸದ್ದು ಹುಡುಕುವವರನ್ನು ಬಿಟ್ಟರೆ, ಉಳಿದವರು ಡಿಸ್ಟಾರ್ಷನ್ ಮೊದಲು, ರಿವರ್ಬ್ ಆಮೇಲೆ ಎಂಬ ಕ್ರಮ ಇಟ್ಟುಕೊಳ್ಳುವುದು ಒಳ್ಳೆಯದು. ರೆಕಾರ್ಡ್ ಮಾಡುವಾಗ ಪೆಡಲ್‌ನ ರಿವರ್ಬ್ ಆರಿಸಿಬಿಟ್ಟು ಮಿಕ್ಸ್‌ನಲ್ಲಿ ಕೊಟ್ಟರೆ ಇನ್ನೂ ಕ್ಷೇಮ.

ಗಿಟಾರ್ ಒಂದೇ ಇರುವ ತಂಡಕ್ಕೆ ವ್ಯಾನ್ ಹೇಲನ್ ತಂಡದ 1978ರ ಮೊದಲ ಆಲ್ಬಂ ಕೇಳಲು ಹೇಳುತ್ತೇನೆ. ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ ಗಿಟಾರ್ ಎಡಗಡೆ ಒಣದಾಗಿ, ಅದರ ಮಾರ್ದನಿ ಬಲಗಡೆ ಇರುವುದು ಗೊತ್ತಾಗುತ್ತದೆ. ನಡುವಿನ ಜಾಗ ಪೂರ್ತಿ ದನಿಗೆ ಬಿಟ್ಟುಕೊಟ್ಟಿದ್ದಾರೆ. ಏಕತಾರಿಯನ್ನೂ ಒಂದು ಗಿಟಾರನ್ನೂ ಸೇರಿಸಿ ತತ್ವಪದ ಮಾಡುವವರಿಗೆ ಈ ಉಪಾಯ ಬಹಳ ಉಪಯುಕ್ತ: ಗಿಟಾರ್ ಒಂದು ಬದಿ, ಅದರ ಮಾರ್ದನಿ ಇನ್ನೊಂದು ಬದಿ, ಏಕತಾರಿ ಒಣದಾಗಿ ದನಿಯ ಹತ್ತಿರ.

ಸೋಲೋ ಗಿಟಾರ್ ಹಾಡುಗಾರನ ಜಾಗಕ್ಕೆ ಬಂದು ನಿಲ್ಲುತ್ತದೆ. ಆದ್ದರಿಂದ ದನಿಗೆ ಬಳಸಿದ ಪ್ಲೇಟ್‌ಗೇ ಅದನ್ನೂ ಕಳಿಸಿ, ಜೊತೆಗೆ ಒಂದು ಬೀಟಿನ ಡಿಲೇ ಕೊಡಿ. ಇಬ್ಬರೂ ಒಂದೇ ಜಾಗದಲ್ಲಿರುವಂತೆ ಕೇಳಿಸುತ್ತದೆ. ಬೇಸ್ ಗಿಟಾರ್, ಕಿಕ್ ಡ್ರಮ್‌ಗೆ ರಿವರ್ಬ್ ಬೇಡವೇ ಬೇಡ.

ನಿಮ್ಮೂರಿನ ಗುಡಿಯನ್ನೇ ಮಿಕ್ಸ್‌ಗೆ ತನ್ನಿ

ರೀಪರ್‌ನಲ್ಲಿರುವ ರಿಯಾವರ್ಬ್‌ನಂಥ ಕನ್ವಲ್ಯೂಷನ್ ಪ್ಲಗಿನ್‌ಗಳು ನಿಜವಾದ ಜಾಗದ ಮಾರ್ದನಿಯನ್ನೇ ಬಳಸುತ್ತವೆ. ಊರಿನ ಕಲ್ಲಿನ ಗುಡಿ, ಮಠದ ಪಡಸಾಲೆ, ಮೆಟ್ಟಿಲು ಬಾವಿ, ಯಾವುದಾದರೂ ಆಗಬಹುದು. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರು ಬಿಟ್ಟುಕೊಟ್ಟು ಹೊಸ ಜಾಗದಲ್ಲಿ ನೆಲೆಸಿದ ಕೊಲ್ಹಾರದವರಿಗೆ, ಇರುವ ಜಾಗಗಳ ದನಿಯನ್ನು ಹಿಡಿದಿಡುವ ಬೆಲೆ ಬೇರೆ ಯಾರೂ ಹೇಳಬೇಕಿಲ್ಲ.

ಮಾಡುವ ಬಗೆ ಸುಲಭ. ಹಿರಿಯರ ಒಪ್ಪಿಗೆ ಪಡೆದು, ಗಾಡಿ ಓಡಾಟವಿಲ್ಲದ ಹೊತ್ತಿನಲ್ಲಿ ಹೋಗಿ. ರೆಕಾರ್ಡರ್ ಅಥವಾ ಮೊಬೈಲನ್ನು 3-4 ಮೀಟರ್ ದೂರ ಇಟ್ಟು, ಎದೆಯ ಎತ್ತರದಲ್ಲಿ ಊದಿದ ಬಲೂನ್ ಒಡೆಯಿರಿ. ಶಬ್ದ ಒಡೆದುಹೋಗದಂತೆ ಮಟ್ಟ ಕಡಿಮೆ ಇರಲಿ. ಹಲವು ಸಲ ಮಾಡಿ, ಸ್ವಚ್ಛವಾದುದನ್ನು ಆರಿಸಿ. ಬಲೂನ್ ಒಡೆಯುವ ಮುಂಚಿನ ಮೌನ ಕತ್ತರಿಸಿ, ಬಾಲದ ಕೊನೆಯನ್ನು ನಿಧಾನಕ್ಕೆ ಇಳಿಸಿ ವೇವ್ ಫೈಲ್ ಆಗಿ ಉಳಿಸಿ, ಪ್ಲಗಿನ್‌ಗೆ ಹಾಕಿ. ಆಮೇಲೆ ಮೇಲೆ ಹೇಳಿದ ಫಿಲ್ಟರ್, ಪ್ರೀ-ಡಿಲೇ ಎಲ್ಲ ಇದಕ್ಕೂ ಅನ್ವಯಿಸುತ್ತವೆ. ಗೋಳಗುಮ್ಮಟ, ಇಬ್ರಾಹಿಂ ರೋಜಾದಂಥ ಸಂರಕ್ಷಿತ ಸ್ಮಾರಕಗಳಲ್ಲಿ ಮಾತ್ರ ಪುರಾತತ್ವ ಇಲಾಖೆಯ ಅನುಮತಿ ಇಲ್ಲದೆ ಇಂಥ ಕೆಲಸಕ್ಕೆ ಹೋಗಬೇಡಿ.

ತೊಂದರೆ ಕಂಡರೆ

– ದನಿ ದೂರ ಹೋದಂತಿದ್ದರೆ: ಪ್ರೀ-ಡಿಲೇ ಏರಿಸಿ. ಸರಿಹೋಗದಿದ್ದರೆ ಪ್ಲೇಟ್ ಇಳಿಸಿ, 90ರಿಂದ 120 ಮಿಲಿಸೆಕೆಂಡಿನ ಒಂದೇ ಒಂದು ಡಿಲೇ ಕೊಡಿ.
– ಮಿಕ್ಸ್ ಮಂಕಾಗಿದ್ದರೆ: ರಿವರ್ಬ್ ಟ್ರ್ಯಾಕ್‌ನಲ್ಲಿ 200ರಿಂದ 500 ಹರ್ಟ್ಸ್ ನಡುವೆ ಇನ್ನಷ್ಟು ತಗ್ಗಿಸಿ.
– ವಾದ್ಯಗಳು ಬೇರೆ ಬೇರೆ ಊರಿನಲ್ಲಿ ನುಡಿದಂತಿದ್ದರೆ: ಬೇಸ್, ಕಿಕ್ ಬಿಟ್ಟು ಉಳಿದೆಲ್ಲವನ್ನೂ ಸ್ವಲ್ಪ ಸ್ವಲ್ಪ ಒಂದೇ ರೂಮ್‌ಗೆ ಕಳಿಸಿ.
– ಹೆಡ್‌ಫೋನ್‌ನಲ್ಲಿ ಚೆನ್ನಾಗಿದ್ದು ಮೊಬೈಲ್‌ನಲ್ಲಿ ಕೆಟ್ಟರೆ: ಮೋನೋದಲ್ಲಿ ಕೇಳಿ ಪ್ರಮಾಣ ಮತ್ತೆ ಹೊಂದಿಸಿ.
– ಜಾತ್ರೆಯ ವೇದಿಕೆಯಲ್ಲಿ ಹಾಡುವಾಗ: ದೂರದ ಗೋಡೆ, ಸ್ಪೀಕರ್‌ಗಳೇ ಸಾಕಷ್ಟು ಮಾರ್ದನಿ ಕೊಡುತ್ತವೆ. ಮಿಕ್ಸರ್‌ನ ರಿವರ್ಬ್ ಅರ್ಧಕ್ಕಿಂತ ಕಡಿಮೆ ಮಾಡಿ.

ಹಾಡು ಹೊರಬಿಡುವ ಮುಂಚೆ

ನಮ್ಮ ಭಾಗದ ಕೇಳುಗರು ಹೆಚ್ಚಾಗಿ ಹಾಡು ಕೇಳುವುದು ಮೊಬೈಲ್, ಚಿಕ್ಕ ಬ್ಲೂಟೂತ್ ಸ್ಪೀಕರ್, ಟಂಟಂ ಮತ್ತು ಟ್ರ್ಯಾಕ್ಟರ್‌ಗಳ ಸ್ಪೀಕರಿನಲ್ಲಿ. ಅಲ್ಲೆಲ್ಲ ಒಮ್ಮೆ ಕೇಳಿ. ಎಂಜಿನ್ ಸದ್ದಿನ ನಡುವೆಯೂ ಮಾತು ತಿಳಿಯಬೇಕು.

ಕಡೆಯ ಪರೀಕ್ಷೆ ಮನೆಯಲ್ಲೇ ಇದೆ. ಈ ಹಾಡನ್ನು ಇದುವರೆಗೆ ಕೇಳದ ಒಬ್ಬರನ್ನು, ಅಜ್ಜಿಯೋ ಕಾಕಾನೋ ಆದರೆ ಇನ್ನೂ ಒಳ್ಳೆಯದು, ಕೂಡಿಸಿ ಒಂದು ಸಲ ಕೇಳಿಸಿ. ಸಾಲುಗಳನ್ನು ತಿರುಗಿ ಹೇಳಲು ಕೇಳಿ. ಹೇಳಿದರೆ ನಿಮ್ಮ ರಿವರ್ಬ್ ಸರಿ ಇದೆ. ಎಲ್ಲಿ ತಡವರಿಸಿದರೋ ಆ ಪದಕ್ಕೆ ಹಿಂತಿರುಗಿ, ಅಲ್ಲಿ ಸೆಂಡ್ ಇಳಿಸಿ, ಮತ್ತೆ ಕೇಳಿಸಿ. ಬರೆದವರ ಮಾತು ಕೇಳುಗರಿಗೆ ಪೂರ್ತಿ ತಲುಪಿದ ಮೇಲೆ ಹಾಡನ್ನು ಹೊರಬಿಡಿ, ಅದಕ್ಕೂ ಮುಂಚೆ ಬೇಡ.